ಯುಸಿಎಲ್‌ಎಯಲ್ಲಿ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಚಿಕಾನೊ ವಿದ್ಯಾರ್ಥಿಗಳು ಉಪವಾಸ ಕೂತದ್ದು ಯಾಕೆ?

ಚಿಕಾನೊ ಅಧ್ಯಯನದ ಒಂದು ವಿಭಾಗಕ್ಕಾಗಿ. ಸುಮ್ನೆ ಹೆಸರಿಗೆ ಅಲ್ಲ. ಸ್ವಂತ ವಿಭಾಗ ಇದ್ದರೆ ಪ್ರಾಧ್ಯಾಪಕರನ್ನು ತಾವೇ ನೇಮಿಸಿಕೊಳ್ಳಬಹುದು. ಇಲ್ಲದಿದ್ದರೆ ಬೇರೆ ವಿಭಾಗಗಳಿಂದ ಮೇಷ್ಟ್ರುಗಳನ್ನು ಕಡ ತರಬೇಕು.

ಚಿಕಾನೊ ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ನರು. ಮೊದಲು ಬೈಗುಳದಂತೆ ಬಳಕೆಯಲ್ಲಿದ್ದ ಈ ಪದವನ್ನು 1960ರ ದಶಕದ ಹುಡುಗರು ಹೆಮ್ಮೆಯಿಂದ ಹಚ್ಚಿಕೊಂಡರು. 1968ರಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಹೈಸ್ಕೂಲ್ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ತರಗತಿ ಬಿಟ್ಟು ಹೊರಬಂದರು. ಮರುವರ್ಷ ಸಾಂಟಾ ಬಾರ್ಬರಾದಲ್ಲಿ ಸಮ್ಮೇಳನ ನಡೆದು ಚಿಕಾನೊ ವಿದ್ಯಾರ್ಥಿಗಳ 'ಮೆಚಾ' ಸಂಘಟನೆ ಹುಟ್ಟಿತು. ಯುಸಿಎಲ್‌ಎಯಲ್ಲಿ ಚಿಕಾನೊ ಅಧ್ಯಯನದ ಸಂಶೋಧನಾ ಕೇಂದ್ರ ಬಂದದ್ದೂ 1969ರಲ್ಲೇ. ವಿಭಾಗ ಮಾತ್ರ ಬರಲಿಲ್ಲ.

1993ರ ಏಪ್ರಿಲ್ 23ಕ್ಕೆ ರೈತ ಕಾರ್ಮಿಕರ ನಾಯಕ ಸೀಸರ್ ಚಾವೆಜ್ ತೀರಿಕೊಂಡರು. 29ಕ್ಕೆ ಅಂತ್ಯಕ್ರಿಯೆ. ಅದರ ಹಿಂದಿನ ದಿನವೇ ಯುಸಿಎಲ್‌ಎ ಮುಖ್ಯಸ್ಥ, ಅಂದರೆ ಚಾನ್ಸಲರ್, ಚಾರ್ಲ್ಸ್ ಯಂಗ್ ವಿಭಾಗ ಕೊಡುವುದಿಲ್ಲ ಎಂದು ಪ್ರಕಟಿಸಿದರು! ಬೇಕಂತಲೇ ಆ ದಿನ ಆರಿಸಿಕೊಂಡರೋ ಏನೋ, ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು ಅಲ್ವಾ? ಮೇ 11ಕ್ಕೆ ಪ್ರಾಧ್ಯಾಪಕರ ಕ್ಲಬ್ಬಿಗೆ ವಿದ್ಯಾರ್ಥಿಗಳು ನುಗ್ಗಿದರು, ಬಹಳ ಮಂದಿ ಬಂಧನಕ್ಕೊಳಗಾದರು. ಮೇ 25ರಿಂದ ಆಡಳಿತ ಕಚೇರಿ ಮರ್ಫಿ ಹಾಲ್‌ ಎದುರು ಡೇರೆ ಹಾಕಿ ಉಪವಾಸ. ಜೊತೆಗೆ ಹೋರ್ಹೆ ಮನ್ಸಿಯಾಸ್ ಎಂಬ ಪ್ರಾಧ್ಯಾಪಕರೂ ಕೂತರು. ಅವರು ಕಲಿಸುತ್ತಿದ್ದದ್ದು ಇತಿಹಾಸವಲ್ಲ, ಜೀವಶಾಸ್ತ್ರ.

14 ದಿನಕ್ಕೆ ರಾಜಿಯಾಯಿತು. ಸಿಕ್ಕಿದ್ದು ಚಾವೆಜ್ ಹೆಸರಿನ ಬೋಧನಾ ಕೇಂದ್ರ. ಕೇಳಿದ್ದ ವಿಭಾಗ 2005ರಲ್ಲಿ ಬಂತು.