ಮೈಕಟ್ಟು ನೋಡಿ ಮಣೆ ಹಾಕಬೇಡಿ

ಫಿಟ್‌ನೆಸ್ ಕ್ಲಬ್ ನಡೆಸುವವರು ಮೊದಲೆಲ್ಲ ಯಾವ ಟ್ರೆಡ್‌ಮಿಲ್ ತರಲಿ, ಕನ್ನಡಿ ಎಷ್ಟು ದೊಡ್ಡದಿರಲಿ ಎಂದು ಕೇಳುತ್ತಿದ್ದರು. ಈಗ ಕೆಲಸಕ್ಕೆ ಯಾರನ್ನು ಇಟ್ಟುಕೊಳ್ಳಲಿ ಎಂದು ಕೇಳುತ್ತಿದ್ದಾರೆ. ಒಳ್ಳೆಯದೇ. ಆದರೆ ಹೇಳಿದ್ದನ್ನೇ ಎಷ್ಟು ಸಲ ಹೇಳಲಿ? ಸಂಬಳ ಸಮಯಕ್ಕೆ ಕೊಡಿ, ಹಿಂದೆ ಕೆಲಸ ಮಾಡಿದ ಕಡೆ ಒಂದು ಫೋನ್ ಮಾಡಿ ವಿಚಾರಿಸಿ ಎಂಬುದನ್ನೆಲ್ಲ ಇಲ್ಲಿ ಬರೆಯುತ್ತಾ ಕೂರುವುದಿಲ್ಲ.

ಪ್ರಶ್ನೆ: ಟ್ರೈನರ್ ಕೆಲಸಕ್ಕೆ ಇಬ್ಬರು ಬಂದಿದ್ದಾರೆ. ಒಬ್ಬರು ದೇಹದಾರ್ಢ್ಯ ಸ್ಪರ್ಧೆಯಲ್ಲಿ ಪದಕ ಗೆದ್ದವರು, ಇನ್‌ಸ್ಟಾಗ್ರಾಮ್‌ನಲ್ಲಿ ಸಾವಿರಾರು ಫಾಲೋವರ್ಸ್ ಇದ್ದಾರೆ. ಇನ್ನೊಬ್ಬರದು ಸಾಧಾರಣ ಮೈ, ಆದರೆ ಸರ್ಟಿಫಿಕೇಟ್ ಇದೆ. ಯಾರನ್ನು ತೆಗೆದುಕೊಳ್ಳಲಿ? ಮೈಕಟ್ಟು ಇಲ್ಲದವರನ್ನು ಸದಸ್ಯರು ನಂಬುತ್ತಾರೆಯೇ?

ಪದಕ ಹೇಳುವುದು ಒಂದೇ ಮಾತು: ಆತ ತನ್ನ ಮೈಯನ್ನು ಪಳಗಿಸಿಕೊಂಡಿದ್ದಾನೆ. ನಿಮ್ಮ ಕ್ಲಬ್ಬಿಗೆ ಬರುವವರು ಮಂಡಿನೋವಿನವರು, ದಿನವಿಡೀ ಕುರ್ಚಿಯಲ್ಲಿ ಕೂತವರು, ಬಿಪಿ ಮಾತ್ರೆ ನುಂಗುವವರು. ಅವರ ಮೈ ಪಳಗಿಸುವುದು ಬೇರೆಯೇ ವಿದ್ಯೆ. ನಾನೂ ಒಮ್ಮೆ ತೋಳಿನ ಸುತ್ತಳತೆಗೆ ಮರುಳಾಗಿ ಒಬ್ಬರನ್ನು ಇಟ್ಟುಕೊಂಡಿದ್ದೆ. ಹೊಸದಾಗಿ ಸೇರಿದ ಸದಸ್ಯರೊಬ್ಬರಿಗೆ ಮೊದಲ ದಿನವೇ ನೂರು ಜಂಪ್ ಸ್ಕ್ವಾಟ್ (ಬಸ್ಕಿ ಹೊಡೆದು ಜಿಗಿಯುವುದು) ಹೊಡೆಸಿದ ಮಹಾನುಭಾವ. ಮಾರನೆಯ ದಿನ ಅವರಿಗೆ ಮೆಟ್ಟಿಲು ಇಳಿಯಲಾಗಲಿಲ್ಲ. ಮತ್ತೆ ಅವರೂ ಬರಲಿಲ್ಲ, ಅವರ ಜೊತೆ ಸೇರಿದ್ದ ಮೂವರು ಗೆಳೆಯರೂ ಬರಲಿಲ್ಲ.

ಹಾಗಂತ ಸರ್ಟಿಫಿಕೇಟ್ ಕಂಡ ಕೂಡಲೇ ಕೈಮುಗಿಯಬೇಡಿ. ವಾರಾಂತ್ಯದಲ್ಲಿ ವಿಡಿಯೊ ನೋಡಿ, ಪುಸ್ತಕ ತೆರೆದಿಟ್ಟುಕೊಂಡು ಉತ್ತರ ಬರೆದು ಗಿಟ್ಟಿಸಿದ ಕಾಗದವೂ ಫ್ರೇಮಿನೊಳಗೆ ಅಷ್ಟೇ ಚೆನ್ನಾಗಿ ಕಾಣುತ್ತದೆ. ಮೇಲ್ವಿಚಾರಣೆಯಲ್ಲಿ ಪರೀಕ್ಷೆ ಬರೆದರೇ ಎಂದು ಕೇಳಿ. ಅವಧಿ ಮುಗಿದಿದೆಯೇ ನೋಡಿ. ಟ್ರೈನರ್‌ಗಳಿಗೆ ಪರೀಕ್ಷೆ ನಡೆಸುವ ಅಮೆರಿಕದ ಎಸಿಇ, ಎನ್‌ಎಸ್‌ಸಿಎ, ಎಸಿಎಸ್‌ಎಂ ತರಹದ ಸಂಸ್ಥೆಗಳ ಸರ್ಟಿಫಿಕೇಟನ್ನು ಎರಡು ಮೂರು ವರ್ಷಕ್ಕೊಮ್ಮೆ ನವೀಕರಿಸಲೇಬೇಕು. ಮೊಬೈಲಿನಲ್ಲಿ ತೋರಿಸಿದ ಫೋಟೊ ಲೆಕ್ಕಕ್ಕಿಲ್ಲ. ಕೊಟ್ಟ ಸಂಸ್ಥೆಯಲ್ಲೇ ವಿಚಾರಿಸಿ.

ಇಷ್ಟಾದ ಮೇಲೆ ಕುರ್ಚಿ ಮೇಜಿನ ಸಂದರ್ಶನ ಬಿಟ್ಟು ಅರ್ಧ ಗಂಟೆ ಪಾಠ ಮಾಡಿಸಿ. ಜನ್ಮದಲ್ಲಿ ವ್ಯಾಯಾಮ ಮಾಡದ ಒಬ್ಬರನ್ನು ಕರೆತನ್ನಿ, ನಿಮ್ಮ ಅಕ್ಕನೋ ಭಾವನೋ ಆದರೂ ಸರಿ. 'ಇವರಿಗೆ ಸ್ಕ್ವಾಟ್ ಹೇಳಿಕೊಡಿ' ಎಂದು ಹೇಳಿ ಮೂಲೆಯಲ್ಲಿ ತೆಪ್ಪಗೆ ನಿಂತುಬಿಡಿ.

ಶುರು ಮಾಡುವ ಮುಂಚೆ ಎಲ್ಲಾದರೂ ನೋವಿದೆಯೇ, ಆಪರೇಷನ್ ಆಗಿದೆಯೇ, ಏನು ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೇ? ಮಾತ್ರೆಯ ಪ್ರಶ್ನೆ ಕಾಟಾಚಾರದ್ದಲ್ಲ. ಬಿಪಿಗೆ, ಹೃದಯದ ತೊಂದರೆಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ನಾಡಿಮಿಡಿತ ಎಷ್ಟೇ ದಣಿದರೂ ಅಷ್ಟಾಗಿ ಏರುವುದಿಲ್ಲ. ಟ್ರೆಡ್‌ಮಿಲ್‌ನ ಅಂಕಿ ನೋಡಿ 'ಇನ್ನೂ ಓಡಿ' ಎಂದರೆ ಕಥೆ ಮುಗಿಯಿತು. ಗರಿಷ್ಠ ನಾಡಿಮಿಡಿತ ಲೆಕ್ಕ ಹಾಕಲು 220ರಲ್ಲಿ ವಯಸ್ಸು ಕಳೆಯುವ ಸೂತ್ರವಂತೂ ಆರೋಗ್ಯವಂತರಲ್ಲೇ ಹತ್ತು ಹನ್ನೆರಡು ಮಿಡಿತ ಅತ್ತಿತ್ತ ಆಗುತ್ತದೆ. ಅದನ್ನು ವೇದವಾಕ್ಯದಂತೆ ಒಪ್ಪಿಸುವ ಟ್ರೈನರ್ ಪುಸ್ತಕ ಓದಿದ್ದಾನೆ, ಮನುಷ್ಯರನ್ನು ನೋಡಿಲ್ಲ.

ಮುಟ್ಟುವ ಮುನ್ನ ಅನುಮತಿ ಕೇಳಿದರೇ? ಒಂದು ಸಲಕ್ಕೆ ಎಷ್ಟು ಮಾತು ಹೇಳಿದರು? ಬೆನ್ನು ನೇರ, ಮಂಡಿ ಹೊರಗೆ, ಎದೆ ಮೇಲೆ, ಉಸಿರು ಒಳಗೆ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಕಲಿಯುವವರು ಮರದ ಬೊಂಬೆಯಾಗುತ್ತಾರೆ. ಹೊಸಬರಿಗೆ ಒಂದು, ಹೆಚ್ಚೆಂದರೆ ಎರಡು ಸೂಚನೆ ಸಾಕು. ಹಿಮ್ಮಡಿ ಮೇಲೆದ್ದಾಗ 'ಏಳಿಸಬೇಡಿ' ಎಂದು ಕೂಗಿದರೋ, ಅಥವಾ ಕುರ್ಚಿ ಎಳೆದು 'ಇದರ ಮೇಲೆ ಕೂತು ಎದ್ದೇಳಿ' ಎಂದು ಅದನ್ನೇ ಸುಲಭ ಮಾಡಿಕೊಟ್ಟರೋ? ನನಗೊಂದು ಕೆಟ್ಟ ಚಟವಿದೆ. ಪಾಠ ನಡೆಯುವಾಗ ಟ್ರೈನರ್ ಕನ್ನಡಿಯಲ್ಲಿ ತನ್ನನ್ನು ತಾನು ಎಷ್ಟು ಸಲ ನೋಡಿಕೊಂಡ ಎಂದು ಎಣಿಸುತ್ತೇನೆ.

ಕೊನೆಗೆ ಒಂದು ಪ್ರಶ್ನೆ ಹಾಕಿ: 'ನಿನ್ನೆ ಜೋರಾಗಿ ವ್ಯಾಯಾಮ ಮಾಡಿದ ಸದಸ್ಯರು ಮೈಕೈ ಬಿಗಿದುಕೊಂಡಿದೆ, ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದೆ ಎನ್ನುತ್ತಿದ್ದಾರೆ. ಏನು ಮಾಡುತ್ತೀರಿ?' ತಕ್ಷಣ ಆಸ್ಪತ್ರೆಗೆ ಕಳಿಸುತ್ತೇನೆ ಎಂಬುದೊಂದೇ ಉತ್ತರ. ಸ್ನಾಯು ಒಡೆದು ಅದರೊಳಗಿನ ಮಯೋಗ್ಲೋಬಿನ್ ಎಂಬ ಪ್ರೊಟೀನ್ ರಕ್ತಕ್ಕೆ ಸೇರಿರಬಹುದು, ಅದು ಮೂತ್ರಪಿಂಡವನ್ನೇ ಕೆಡಿಸಬಲ್ಲದು, ರ‍್ಯಾಬ್ಡೊಮಯೊಲಿಸಿಸ್ ಎನ್ನುತ್ತಾರೆ. 'ನೀರು ಜಾಸ್ತಿ ಕುಡಿಯಿರಿ, ಮೈನೋವು ಒಳ್ಳೆಯ ಲಕ್ಷಣ' ಎಂದವರನ್ನು ಅಲ್ಲಿಂದಲೇ ಬೀಳ್ಕೊಡಿ. 'ಇದು ನನಗೆ ಗೊತ್ತಿಲ್ಲ, ಡಾಕ್ಟರನ್ನು ಕೇಳಬೇಕು' ಎಂದವರಿಗೆ ನಾನಂತೂ ಅಂಕ ಕೊಡುತ್ತೇನೆ.

ಇಬ್ಬರಲ್ಲಿ ಯಾರು ಎಂದರೆ, ಆ ಅಕ್ಕನನ್ನೋ ಭಾವನನ್ನೋ ಪಕ್ಕಕ್ಕೆ ಕರೆದು 'ನಾಳೆ ಇವರ ಹತ್ತಿರ ಮತ್ತೆ ಬರುತ್ತೀರಾ?' ಎಂದು ಕೇಳಿ. ಪದಕದವರಿಗೇ ಹೂಂ ಎಂದರೂ ಎನ್ನಬಹುದು. ದಪ್ಪ ತೋಳಿನವರಿಗೆ ಪಾಠ ಬರುವುದಿಲ್ಲ ಎಂದು ನಾನು ಹೇಳಿಲ್ಲ.

ಪ್ರಶ್ನೆ: ರಿಸೆಪ್ಷನ್‌ಗೆ ಯಾರಾದರೂ ನಡೆಯುತ್ತದಲ್ಲವೇ?

ನಡೆಯುವುದಿಲ್ಲ. ಸದಸ್ಯರು ಒಂದು ವಾರ ಬರದಿದ್ದರೆ ಮೊದಲು ಗೊತ್ತಾಗುವುದೇ ಅಲ್ಲಿ ಕೂತವರಿಗೆ. ಇನ್ನೊಂದು ವಿಷಯ: ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ತರಬೇತಿಯನ್ನು ಟ್ರೈನರ್‌ಗಳಿಗಷ್ಟೇ ಕೊಡಿಸಿ ಕೈತೊಳೆದುಕೊಳ್ಳಬೇಡಿ. ಬೆಳಗಿನ ಜಾವ ಬಾಗಿಲು ತೆಗೆಯುವವರು, ನೆಲ ಒರೆಸುವವರು, ಎಲ್ಲರಿಗೂ ಬರಬೇಕು. ಯಾರಾದರೂ ಕುಸಿದು ಬಿದ್ದಾಗ ಪಕ್ಕದಲ್ಲಿ ಇರುವವರು ಅವರೇ ಆಗಿರಬಹುದು. ಎದೆಯನ್ನು ಕನಿಷ್ಠ 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತುವುದನ್ನು ಬೊಂಬೆಯ ಮೇಲೆ ಮಾಡಿಸಿಯೇ ಕಲಿಸಬೇಕು, ಗೋಡೆಗೆ ಚಿತ್ರ ಅಂಟಿಸಿದರೆ ಬರುವುದಿಲ್ಲ. ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಲಯಕ್ಕೆ ತರುವ ಎಇಡಿ ಯಂತ್ರ ಇಟ್ಟಿದ್ದರೆ ಅದನ್ನು ಬೀಗ ಹಾಕಿದ ಕಪಾಟಿನಲ್ಲಿ ಬಚ್ಚಿಡಬೇಡಿ. ಇಂಥ ಕಪಾಟುಗಳನ್ನು ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ: ಟ್ರೈನರ್ ಕೊಬ್ಬು ಕರಗಿಸುವ ಮಾತ್ರೆ ಮಾರುತ್ತೇನೆ, ಕಮಿಷನ್‌ನಲ್ಲಿ ಕ್ಲಬ್ಬಿಗೂ ಪಾಲು ಎನ್ನುತ್ತಿದ್ದಾರೆ. ಒಪ್ಪಬಹುದೇ?

ಇದನ್ನು ಕೇಳುವುದಕ್ಕೆ ನಿಮಗೆ ಮನಸ್ಸಾದರೂ ಹೇಗೆ ಬಂತು? ಡೈನೈಟ್ರೋಫಿನಾಲ್ ಎಂಬ ರಾಸಾಯನಿಕವನ್ನು 1930ರ ದಶಕದಲ್ಲಿ ತೂಕ ಇಳಿಸಲು ಮಾರುತ್ತಿದ್ದರು. ಮೈ ಒಳಗಿನಿಂದ ಕಾದು ಜನ ಸತ್ತರು. ಅಮೆರಿಕದಲ್ಲಿ 1938ರಲ್ಲೇ ಅದನ್ನು ಮನುಷ್ಯರು ಸೇವಿಸಲು ಯೋಗ್ಯವಲ್ಲ ಎಂದು ಸಾರಿದ್ದಾಯಿತು. ಅದು ಇವತ್ತಿಗೂ ಕದ್ದುಮುಚ್ಚಿ ಕೈಬದಲಾಗುತ್ತದೆ, ಇವತ್ತಿಗೂ ಕೊಲ್ಲುತ್ತದೆ. ಮಾತ್ರೆಯಾಗಲಿ ಸ್ಟೀರಾಯ್ಡ್ ಸೂಜಿಯಾಗಲಿ, ಮಾರಿದವರನ್ನು ಅದೇ ದಿನ ಮನೆಗೆ ಕಳಿಸಿ.

ಪ್ರಶ್ನೆ: ಹೊಟ್ಟೆ ಮಾತ್ರ ಕರಗಿಸುವ ಸ್ಪೆಷಲಿಸ್ಟ್ ಸಿಕ್ಕಿದ್ದಾರೆ, ಇಟ್ಟುಕೊಳ್ಳಲೇ?

ಒಂದೇ ಜಾಗದ ಕೊಬ್ಬು ಕರಗಿಸುವ ವ್ಯಾಯಾಮವೇ ಇಲ್ಲ. ಸ್ಪೆಷಲಿಸ್ಟ್ ಎಲ್ಲಿಂದ ಬಂದರು?

ಪ್ರಶ್ನೆ: ಬಿಟ್ಟುಹೋದ ಟ್ರೈನರ್ ಇಪ್ಪತ್ತು ಸದಸ್ಯರನ್ನೂ ಕರೆದುಕೊಂಡು ಹೋದರು. ಕರಾರು ಬರೆಸಿಕೊಳ್ಳಬೇಕಿತ್ತೇ?

ಕರಾರಿನ ಮಾತು ವಕೀಲರಿಗೆ ಬಿಡಿ. ಇಪ್ಪತ್ತು ಜನ ಬೆನ್ನು ಹತ್ತಿ ಹೋಗುವಂಥ ಟ್ರೈನರನ್ನು ನೀವು ಯಾಕೆ ಕಳೆದುಕೊಂಡಿರಿ? ಪರ್ಸನಲ್ ಟ್ರೈನಿಂಗ್ ತಾಸಿಗಷ್ಟೇ ದುಡ್ಡು ಕೊಟ್ಟು, ಫ್ಲೋರ್‌ನಲ್ಲಿ ನಿಂತು ಎಲ್ಲರನ್ನೂ ನೋಡಿಕೊಂಡ ಉಳಿದ ತಾಸುಗಳನ್ನು ಪುಕ್ಕಟೆ ಮಾಡಿಸಿಕೊಂಡಿದ್ದೀರಾ ಎಂಬ ಅನುಮಾನ ನನಗಿದೆ. ಹಾಗಿದ್ದಲ್ಲಿ ದುಡ್ಡು ಕೊಡುವ ಸದಸ್ಯರು ಮಾತ್ರ ಅವರ ಕಣ್ಣಿಗೆ ಬೀಳುತ್ತಾರೆ. ಬೆಂಚ್ ಪ್ರೆಸ್ ಕೆಳಗೆ ಸಿಕ್ಕಿಕೊಂಡ ಹೊಸ ಹುಡುಗ ಕಣ್ಣಿಗೆ ಬೀಳುವುದಿಲ್ಲ. ಫ್ಲೋರ್ ಕೆಲಸಕ್ಕೂ ಸಂಬಳ ಗೊತ್ತು ಮಾಡಿ.

ಪ್ರಶ್ನೆ: ಮಹಿಳಾ ಸದಸ್ಯರಿಗೆ ಮಹಿಳಾ ಟ್ರೈನರೇ ಬೇಕೇ?

ನನ್ನನ್ನಲ್ಲ, ಅವರನ್ನು ಕೇಳಿ. ಸೇರುವ ಫಾರ್ಮ್‌ನಲ್ಲೇ ಅದಕ್ಕೊಂದು ಸಾಲು ಬಿಡಿ.