‘ಶೇ 99 ಸೀಸ ತೆಗೆಯುತ್ತದೆ’ ಅಂದರೆ ಸಾಕೇ?

ಪ್ರಶ್ನೆ: ರಂಧ್ರಗಳಿರುವ ಪಾಲಿಮರ್ (ಪ್ಲಾಸ್ಟಿಕ್‌ನಂಥ ವಸ್ತು) ನೀರಿನ ಫಿಲ್ಟರ್ ಒಂದರ ಮೇಲೆ ‘ಗ್ರಾಂಗೆ 1000 ಚದರ ಮೀಟರ್ ಮೇಲ್ಮೈ, ಶೇ 99 ಸೀಸ ಮಾಯ’ ಎಂದಿದೆ. ಕೊಳ್ಳಬಹುದಾ?

ಬರೀ ಈ ಎರಡು ಅಂಕಿ ನೋಡಿ ಕೊಳ್ಳಬೇಡಿ. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ.

ಆ 1000 ಚದರ ಮೀಟರ್ ಹೆಚ್ಚಾಗಿ ರಂಧ್ರಗಳ ಒಳಗೋಡೆಯ ಲೆಕ್ಕ. ರಂಧ್ರ ಅನ್ನುವುದು ನೀರು ಒಳಗೆ ಹೋಗುವ ದಾರಿ ಅಷ್ಟೇ. ಲೋಹವನ್ನು ಹಿಡಿಯುವುದು ಪಾಲಿಮರ್‌ಗೆ ಜೋಡಿಸಿದ ರಾಸಾಯನಿಕ ಗುಂಪು. ಗಂಧಕವಿರುವ ಥಯೋಲ್ ಎಂಬ ಗುಂಪು ಪಾದರಸವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಇಮಿನೋಡೈಅಸಿಟೇಟ್ ಎಂಬ ಇನ್ನೊಂದು ಗುಂಪು ತಾಮ್ರ, ಸೀಸಗಳಿಗೆ ಆಗುತ್ತದೆ. ಯಾವ ಗುಂಪು ಅಂತ ಹೇಳದೆ ಮೇಲ್ಮೈ ಎಷ್ಟು ಅಂತ ಮಾತ್ರ ಹೇಳುವವರನ್ನು ನಾನಂತೂ ನಂಬುವುದಿಲ್ಲ.

ಇನ್ನು ಆ ಶೇ 99. ಲ್ಯಾಬಿನಲ್ಲಿ ಲೀಟರಿಗೆ 100 ಮಿಲಿಗ್ರಾಂ ಸೀಸ ಹಾಕಿ ಪರೀಕ್ಷೆ ಮಾಡಿದ್ದಾರೆ ಅಂದುಕೊಳ್ಳಿ. ಶೇ 99 ಹೋದರೂ ಲೀಟರಿಗೆ 1 ಮಿಲಿಗ್ರಾಂ, ಅಂದರೆ 1000 ಮೈಕ್ರೋಗ್ರಾಂ ಉಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಂದರೆ ಉಳಿದದ್ದೇ ಮಿತಿಯ 100 ಪಟ್ಟು! ಅದಕ್ಕೇ ಕೇಳಬೇಕಾದ್ದು ಎಷ್ಟು ಹೋಯಿತು ಅಂತಲ್ಲ, ಎಷ್ಟು ಉಳಿಯಿತು ಅಂತ.

ಅದೂ ಯಾವ ನೀರಲ್ಲಿ? ಬಟ್ಟಿ ಇಳಿಸಿದ ನೀರಿನಲ್ಲಿ ಸೀಸಕ್ಕೆ ಪೈಪೋಟಿ ಇರುವುದಿಲ್ಲ. ಗಡಸು ನೀರಲ್ಲಿ ಲೀಟರಿಗೆ 60 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ತೂಕದಲ್ಲೇ ಅದು 10 ಮೈಕ್ರೋಗ್ರಾಂ ಸೀಸದ 6000 ಪಟ್ಟು. ಅದೂ ಅದೇ ಜಾಗಕ್ಕೆ ನುಗ್ಗುತ್ತದೆ. ಪಿಎಚ್ (ನೀರು ಎಷ್ಟು ಆಮ್ಲೀಯ ಅನ್ನುವ ಅಳತೆ; ಕಡಿಮೆಯಾದಷ್ಟೂ ಹೆಚ್ಚು ಆಮ್ಲೀಯ) ಕೂಡ ನೋಡಬೇಕು. ಆಮ್ಲೀಯ ನೀರಲ್ಲಿ ಹೈಡ್ರೋಜನ್ ಅಯಾನುಗಳೇ ಜಾಗ ಹಿಡಿಯುತ್ತವೆ. ಪಿಎಚ್ ಜಾಸ್ತಿಯಾದರೆ ಸೀಸ ತಾನಾಗಿಯೇ ಗಸಿಯಾಗಿ ತಳ ಸೇರಬಹುದು, ಹೆಸರು ಮಾತ್ರ ಪಾಲಿಮರ್‌ಗೆ ಬರುತ್ತದೆ.

ಪುಡಿಯನ್ನು ರಾತ್ರಿಯಿಡೀ ನೀರಲ್ಲಿ ಕಲಕಿ ಪಡೆದ ಫಲಿತಾಂಶವೂ ಬೇಡ. ನಲ್ಲಿಯ ವೇಗದಲ್ಲಿ, ನಿಮ್ಮಂಥದೇ ನೀರು ಹರಿಸಿ, ಎಷ್ಟು ಲೀಟರ್ ಆದಮೇಲೆ ಸೀಸ ಹೊರಗೆ ನುಸುಳಿತು ಅನ್ನುವ ವರದಿ ಕೇಳಿ. ವರದಿ ಇಲ್ಲ ಅಂದರೆ ಬಿಟ್ಟುಬಿಡಿ.

ಪ್ರಶ್ನೆ: ಕುದಿಸಿದರೆ ಲೋಹ ಹೋಗಲ್ವಾ?

ಇಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಲೋಹದ ಸಾಂದ್ರತೆ ಏರುತ್ತದೆ.

ಪ್ರಶ್ನೆ: ಟಿಡಿಎಸ್ ಮೀಟರ್ ಕಡಿಮೆ ತೋರಿಸುತ್ತಿದೆ, ಸಾಕಲ್ವಾ?

ಸಾಲದು. ಆ ಮೀಟರ್ ನೀರಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ಅಂದಾಜಿಸುತ್ತದೆ ಅಷ್ಟೇ. ಮೈಕ್ರೋಗ್ರಾಂ ಮಟ್ಟದ ಸೀಸ ಆ ಮೀಟರಿಗೆ ಗೊತ್ತೇ ಆಗುವುದಿಲ್ಲ. ಅದನ್ನು ತೋರಿಸಿ ಫಿಲ್ಟರ್ ಮಾರುವುದು ಶುದ್ಧ ಮೋಸ.

ಪ್ರಶ್ನೆ: ಸೀಸದ ಫಿಲ್ಟರ್ ಆರ್ಸೆನಿಕ್‌ಗೂ ಆಗುತ್ತದಾ?

ಆಗುತ್ತದೆ ಅಂತ ಸುಮ್ನೆ ನಂಬಬೇಡಿ. ಸೀಸಕ್ಕೆ ಧನ ವಿದ್ಯುದಂಶ. ನೀರಲ್ಲಿ ಆರ್ಸೆನಿಕ್ ಇರುವ ಒಂದು ರೂಪವಾದ ಆರ್ಸೆನೇಟ್‌ಗೆ ಋಣ. ಒಂದನ್ನು ಹಿಡಿಯುವ ಗುಂಪು ಇನ್ನೊಂದನ್ನು ಹಿಡಿಯಬೇಕೆಂದಿಲ್ಲ. ಆರ್ಸೆನಿಕ್‌ಗೆ ಬೇರೆ ಪರೀಕ್ಷೆಯೇ ಬೇಕು.

ಪ್ರಶ್ನೆ: ಹಳೇ ಕಾರ್ಟ್ರಿಡ್ಜನ್ನು ಮನೆಯಲ್ಲೇ ತೊಳೆಯಬಹುದಾ?

ಬೇಡವೇ ಬೇಡ. ಇಂಥ ಪಾಲಿಮರ್‌ನಿಂದ ಲೋಹ ಬಿಡಿಸಲು ಸಾಮಾನ್ಯವಾಗಿ ಆಮ್ಲ ಬೇಕು. ಅಷ್ಟು ದಿನ ಹಿಡಿದಿಟ್ಟ ಸೀಸವೆಲ್ಲ ಆ ತೊಳೆದ ನೀರಿಗೇ ಬರುತ್ತದೆ.