ಹಣಕಾಸು ಪ್ರಶ್ನೋತ್ತರ: ಏಟು ಯಾರ ಮೇಲೆ?

ಮುಂಬಯಿ, ಡೊಂಬಿವಲಿ, ಪುಣೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಳವಳದಿಂದ ಬರೆದವು. ಅಮೆರಿಕದ ಸುಂಕ, ದೂರದ ಯುದ್ಧಗಳು, ಡಾಲರಿನ ಏರಿಕೆ ಇವೆಲ್ಲ ನಮ್ಮ ಕೈಮೀರಿದ ಸಂಗತಿಗಳಾಗಿರುವಾಗ, ದೆಹಲಿಯ ಸರಕಾರವೂ ಫೋರ್ಟಿನಲ್ಲಿರುವ ರಿಸರ್ವ್ ಬ್ಯಾಂಕೂ ಕೈಗೊಳ್ಳುವ ನಿರ್ಧಾರಗಳು ನಮ್ಮ ಮನೆಯನ್ನು ಕಾಯುತ್ತವೆಯೇ ಎಂಬುದು ಎಲ್ಲರ ಪ್ರಶ್ನೆ. ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಹೊರಗಿನ ಏಟನ್ನು ತಡೆಯುವ ಶಕ್ತಿ ಯಾವ ಸರಕಾರಕ್ಕೂ ಇಲ್ಲ. ಅದು ಯಾರ ಮೇಲೆ ಎಷ್ಟು ಬೀಳಬೇಕೆಂಬ ಆಯ್ಕೆ ಮಾತ್ರ ಅದರ ಕೈಯಲ್ಲಿದೆ. ಈ ಉತ್ತರಗಳನ್ನು ಆ ದೃಷ್ಟಿಯಿಂದ ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಾನು ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನನ್ನ 10 ಲಕ್ಷ ರೂಪಾಯಿಯ ಠೇವಣಿಯನ್ನು ನವೀಕರಿಸುವಾಗ ಬಡ್ಡಿ ಶೇ. 7.25ರಿಂದ ಶೇ. 6.25ಕ್ಕೆ ಇಳಿಯಿತು. ಜಗತ್ತೇ ಹೆದರಿರುವ ಹೊತ್ತಿನಲ್ಲಿ ಉಳಿತಾಯ ಮಾಡುವವರಿಗೆ ಹೆಚ್ಚು ಬಡ್ಡಿ ಕೊಟ್ಟು ಧೈರ್ಯ ತುಂಬಬೇಕಲ್ಲವೇ? (ಡೊಂಬಿವಲಿ)

ಉತ್ತರ: ಅಮ್ಮ, ವರ್ಷಕ್ಕೆ 72,500 ರೂಪಾಯಿ ಬರುತ್ತಿದ್ದುದು 62,500ಕ್ಕೆ ಇಳಿದರೆ ತಿಂಗಳಿಗೆ 830 ರೂಪಾಯಿಗೂ ಹೆಚ್ಚು ಖೋತಾ ಆಗುತ್ತದೆ. ಪಿಂಚಣಿಯ ಮೇಲೆ ನಡೆಯುವ ಮನೆಯಲ್ಲಿ ಅದು ಔಷಧಿ ಅಂಗಡಿಯ ಚೀಟಿಯಲ್ಲೇ ಗೊತ್ತಾಗುವ ಮೊತ್ತ. ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿಯಿಂದ ಡಿಸೆಂಬರ್ ನಡುವೆ ನಾಲ್ಕು ಸಲ ರೆಪೋ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು, ಕಡಿತಗೊಳಿಸಿ ಶೇ. 6.50ರಿಂದ ಶೇ. 5.25ಕ್ಕೆ ತಂದಿತು. ಹಣದುಬ್ಬರವನ್ನು ಶೇ. 4ರ ಸುತ್ತ, ಶೇ. 2ಕ್ಕಿಂತ ಕಡಿಮೆಯಾಗದಂತೆ, ಶೇ. 6ನ್ನು ಮೀರದಂತೆ ಇಡಬೇಕೆಂಬುದು ಅದಕ್ಕೆ ವಿಧಿಸಿರುವ ಗುರಿ. 2025ರ ಅಕ್ಟೋಬರಿನಲ್ಲಿ ಚಿಲ್ಲರೆ ಹಣದುಬ್ಬರ ಶೇ. 0.25ಕ್ಕೆ ಇಳಿದಿತ್ತು. ಬೆಲೆಯೇರಿಕೆಯ ಭಯ ಅಷ್ಟು ತಗ್ಗಿದ್ದು, ಇನ್ನೊಂದು ಕಡೆ ರಫ್ತು ಕುಗ್ಗುವ ಭಯ ಎದ್ದಿರುವಾಗ, ಸಾಲ ಅಗ್ಗವಾದರೆ ದೇಶದೊಳಗಿನ ಬೇಡಿಕೆಯಾದರೂ ಉಳಿದೀತು ಎಂಬ ತರ್ಕದಿಂದ ಅದು ದರ ಇಳಿಸಿತು. ಆ ತರ್ಕವನ್ನು ನಾನು ಒಪ್ಪುತ್ತೇನೆ.

ಆದರೆ ಆ ಏಟು ನಿಮ್ಮ ಮೇಲೆ ಬಿದ್ದಿರುವುದೂ ನಿಜ, ಅದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ಮಗ ನಿಮ್ಮ ಜೊತೆಗೇ ಇದ್ದಾನೆ, ಅವನಿಗೆ 30 ಲಕ್ಷದ ಮನೆ ಸಾಲವಿದೆ ಎಂದು ಬರೆದಿದ್ದೀರಿ. 20 ವರ್ಷದ ಆ ಸಾಲದ ಬಡ್ಡಿ ಶೇ. 8.50ರಿಂದ ಶೇ. 7.25ಕ್ಕೆ ಇಳಿದರೆ ತಿಂಗಳ ಕಂತು ಸುಮಾರು 26,000 ರೂಪಾಯಿಯಿಂದ 23,700ಕ್ಕೆ ಬರಬೇಕು. ಅಂದರೆ ಒಂದೇ ಸೂರಿನಡಿ ತಾಯಿಗೆ 830 ರೂಪಾಯಿ ನಷ್ಟ, ಮಗನಿಗೆ 2,300 ರೂಪಾಯಿ ಲಾಭ. ಇಲ್ಲಿ ಒಂದು ಸೂಕ್ಷ್ಮವಿದೆ. ಅನೇಕ ಬ್ಯಾಂಕುಗಳು ದರ ಇಳಿದಾಗ ಕಂತನ್ನು ಹಾಗೆಯೇ ಉಳಿಸಿಕೊಂಡು ಸಾಲದ ಅವಧಿಯನ್ನಷ್ಟೇ ಕಡಿಮೆ ಮಾಡುತ್ತವೆ. ಆಗ ಮಗನ ಲಾಭ ಮುಂದೆಂದೋ ಕೈಗೆ ಸಿಗುತ್ತದೆ, ನಿಮ್ಮ ನಷ್ಟ ಮಾತ್ರ ಈ ತಿಂಗಳೇ ಕಾಣಿಸುತ್ತದೆ. ಕಂತನ್ನೇ ಇಳಿಸಿಕೊಡಿ ಎಂದು ಅವನು ಶಾಖೆಗೆ ಹೋಗಿ ಬರವಣಿಗೆಯಲ್ಲಿ ಕೇಳಲಿ.

ಠೇವಣಿಯ ಬಡ್ಡಿಯನ್ನು ಹಣದುಬ್ಬರದ ಪಕ್ಕದಲ್ಲಿಟ್ಟು ನೋಡಬೇಕೆಂದು ಅರ್ಥಶಾಸ್ತ್ರ ಓದಿದವರು ಹೇಳುತ್ತಾರೆ. 2022ರ ಏಪ್ರಿಲಿನಲ್ಲಿ ಹಣದುಬ್ಬರ ಶೇ. 7.79 ಇದ್ದಾಗ ಠೇವಣಿದಾರರು ನಿಜವಾಗಿ ಬಡವಾಗುತ್ತಿದ್ದರು, ಈಗಿನ ಶೇ. 6.25 ಕಾಗದದ ಮೇಲೆ ಅದಕ್ಕಿಂತ ಎಷ್ಟೋ ಮೇಲು. ಮಾತು ಸರಿಯೇ, ಆದರೆ ಅಕ್ಟೋಬರಿನ ಆ ಇಳಿಕೆಗೆ ಮುಖ್ಯ ಕಾರಣ ತರಕಾರಿ, ಬೇಳೆಗಳು. ಹಣದುಬ್ಬರ ಅಳೆಯುವ ಆಗಿನ ಸೂಚ್ಯಂಕದಲ್ಲಿ ಆಹಾರದ ತೂಕ ಸುಮಾರು ಶೇ. 46 ಇತ್ತು. ಎಪ್ಪತ್ತು ದಾಟಿದವರ ಖರ್ಚಿನಲ್ಲಿ ವೈದ್ಯರ ಶುಲ್ಕ, ಸೊಸೈಟಿಯ ಮಾಸಿಕ ವಂತಿಗೆ, ಮನೆಕೆಲಸದವರ ಸಂಬಳಗಳಿಗೆ ತೂಕ ಹೆಚ್ಚು, ಅವು ಇಳಿದಿಲ್ಲ. ಆದ್ದರಿಂದಲೇ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ದರವನ್ನು ಸರಕಾರ ರೆಪೋ ಜೊತೆಗೆ ಇಳಿಸದೆ, 2023ರ ಏಪ್ರಿಲಿನಿಂದ ಇದ್ದ ಶೇ. 8.2ರಲ್ಲೇ 2025ರುದ್ದಕ್ಕೂ ಉಳಿಸಿದ್ದು ಒಳ್ಳೆಯ ಆಯ್ಕೆ ಎಂದು ನನ್ನ ಭಾವನೆ. ಅದರ ಹೊರೆ ಇಡೀ ದೇಶದ ತೆರಿಗೆಯ ಮೇಲೆ ಹರಡುತ್ತದೆ, ಹಿರಿಯರು ಅದನ್ನು ಒಂಟಿಯಾಗಿ ಹೊರಬೇಕಾಗುವುದಿಲ್ಲ. ಆ ಯೋಜನೆಯಲ್ಲಿ ಒಬ್ಬರು 30 ಲಕ್ಷದ ವರೆಗೆ ಇಡಬಹುದು. ನಿಮ್ಮ ಠೇವಣಿ ಮತ್ತೆ ನವೀಕರಣಕ್ಕೆ ಬರುವ ಮುಂಚೆ ಅಂಚೆ ಕಚೇರಿಯಲ್ಲಿ ಆಗಿನ ದರ ವಿಚಾರಿಸಿ.

ಪ್ರಶ್ನೆ: ಅಂಧೇರಿಯ ರಫ್ತು ವಲಯವಾದ ಸೀಪ್ಜ್‌ನಲ್ಲಿ ಆಭರಣಕ್ಕೆ ಕಲ್ಲು ಕೂರಿಸುವ ಕೆಲಸ ನನ್ನದು. ಅಮೆರಿಕ ಸುಂಕ ಹಾಕಿದ ಮೇಲೆ ಓವರ್‌ಟೈಮ್ ನಿಂತಿತು, ಕೆಲವರ ಗುತ್ತಿಗೆ ನವೀಕರಣವಾಗಲಿಲ್ಲ. ಸರಕಾರ ತಿರುಗಿ ಸುಂಕ ಹಾಕಬಾರದೇ? ಇಲ್ಲವೇ ರೂಪಾಯಿಯನ್ನು ಇನ್ನಷ್ಟು ಇಳಿಯಲು ಬಿಟ್ಟರೆ ನಮ್ಮ ಮಾಲು ಅಗ್ಗವಾಗುವುದಿಲ್ಲವೇ? (ಸಾಕಿನಾಕಾ)

ಉತ್ತರ: 2025ರ ಆಗಸ್ಟ್ 27ರಿಂದ ಭಾರತದ ಅನೇಕ ಸರಕುಗಳ ಮೇಲೆ ಅಮೆರಿಕದ ಹೆಚ್ಚುವರಿ ಸುಂಕ ಒಟ್ಟು ಶೇ. 50ಕ್ಕೆ ಏರಿದಾಗ, ಔಷಧಿ ಮತ್ತು ಸ್ಮಾರ್ಟ್‌ಫೋನುಗಳಿಗೆ ಸಿಕ್ಕ ವಿನಾಯಿತಿ ಆಭರಣಕ್ಕೆ ಸಿಗಲಿಲ್ಲ. ತಿರುಗಿ ಸುಂಕ ಹಾಕುವುದೆಂದರೆ ಅಲ್ಲಿಂದ ನಾವು ತರಿಸುವ ಕಚ್ಚಾ ತೈಲ, ಯಂತ್ರಭಾಗ, ಬಾದಾಮಿಗಳಿಗೆ ನಮ್ಮವರೇ ಹೆಚ್ಚು ಬೆಲೆ ತೆರುವುದು. ಅದರಿಂದ ನಿಮ್ಮ ಬೆಂಚಿಗೆ ಒಂದು ಉಂಗುರವೂ ಹೆಚ್ಚು ಬರುತ್ತಿರಲಿಲ್ಲ.

ರೂಪಾಯಿಯ ವಿಷಯವನ್ನು ನಿಮ್ಮ ಕೈಯಲ್ಲಿರುವ ಉಂಗುರದಿಂದಲೇ ತಿಳಿಯೋಣ. ನೂರು ಡಾಲರಿಗೆ ಮಾರಾಟವಾಗುವ ಒಂದು ಉಂಗುರದಲ್ಲಿ ಚಿನ್ನ ಮತ್ತು ಕಲ್ಲಿನ ಬೆಲೆಯೇ ಎಂಬತ್ತು ಡಾಲರ್ ಎಂದಿಟ್ಟುಕೊಳ್ಳಿ. ಆ ಎಂಬತ್ತನ್ನು ಮಾಲೀಕರು ಡಾಲರಿನ ದರದಲ್ಲೇ ಕೊಳ್ಳಬೇಕು. ರೂಪಾಯಿ ಇಳಿದರೆ ಮಾರಾಟದಿಂದ ಹೆಚ್ಚು ರೂಪಾಯಿ ಬರುತ್ತದೆ, ಕೊಳ್ಳಲು ಹೆಚ್ಚು ರೂಪಾಯಿ ಹೋಗುತ್ತದೆ. ಲಾಭ ಉಳಿಯುವುದು ಕೂಲಿ, ಬಾಡಿಗೆ, ವಿದ್ಯುತ್ತು ಸೇರಿದ ಆ ಇಪ್ಪತ್ತರಲ್ಲಿ ಮಾತ್ರ. ಹತ್ತಿ ಬಟ್ಟೆಯಂತಹ, ಕಚ್ಚಾ ಮಾಲು ಹೆಚ್ಚಾಗಿ ಇಲ್ಲಿಯದೇ ಆದ ಉದ್ಯಮಕ್ಕೆ ಇದರಿಂದ ಹೆಚ್ಚು ನೆರವು, ನಿಮ್ಮ ಉದ್ಯಮಕ್ಕೆ ಕಡಿಮೆ. ಅದೇ ವೇಳೆಗೆ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು, ಅಡುಗೆ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಹೊರಗಿನಿಂದ ಬರುವುದರಿಂದ, ಸಾಕಿನಾಕಾದ ನಿಮ್ಮ ಅಡುಗೆಮನೆಯೂ ಆ ಇಳಿಕೆಯ ಬೆಲೆ ತೆರುತ್ತದೆ. 2025ರ ಡಿಸೆಂಬರಿನಲ್ಲಿ ಡಾಲರ್ 90 ರೂಪಾಯಿ ದಾಟಿತು. ಒಂದು ಅಂಕಿಗೆ ಹಟ ಹಿಡಿದು ಕೂರದೆ, ಆದರೆ ಕುಸಿತ ಒಮ್ಮೆಗೇ ಆಗದಂತೆ ಡಾಲರ್ ಮಾರಿ ತಡೆಯುತ್ತಾ ರಿಸರ್ವ್ ಬ್ಯಾಂಕ್ ನಡು ದಾರಿ ಹಿಡಿದಿದೆ. ಬೇರೆ ದಾರಿ ಇದಕ್ಕಿಂತ ಒಳ್ಳೆಯದೆಂದು ನನಗೆ ಅನ್ನಿಸುವುದಿಲ್ಲ.

ನನ್ನ ಆಕ್ಷೇಪ ಇರುವುದು ಪರಿಹಾರದ ಸ್ವರೂಪದ ಬಗ್ಗೆ. 2025ರ ನವೆಂಬರಿನಲ್ಲಿ ಕೇಂದ್ರ ಸಂಪುಟ 25,060 ಕೋಟಿ ರೂಪಾಯಿಯ ರಫ್ತು ಉತ್ತೇಜನ ಯೋಜನೆಗೂ 20,000 ಕೋಟಿ ರೂಪಾಯಿ ವರೆಗಿನ ಸಾಲ ಖಾತರಿಗೂ ಒಪ್ಪಿಗೆ ನೀಡಿತು. ರಫ್ತಿನ ಹಣ ದೇಶಕ್ಕೆ ತರಲು ಇದ್ದ ಒಂಬತ್ತು ತಿಂಗಳ ಗಡುವನ್ನು ಹದಿನೈದು ತಿಂಗಳಿಗೆ ವಿಸ್ತರಿಸಲಾಯಿತು. ಇವು ಬೇಕಾದ ಕ್ರಮಗಳೇ. ಆದರೆ ಎಲ್ಲವೂ ಸಾಲ ಪಡೆದ ಮಾಲೀಕರ ಹೆಸರಿಗೆ ಬರುವ ನೆರವು. ಕಲ್ಲು ಕೂರಿಸುವವರ ಹೆಸರಿನಲ್ಲಿ ಸಾಲವಿಲ್ಲ, ಆದ್ದರಿಂದ ಅವರಿಗೆ ಪರಿಹಾರವೂ ಇಲ್ಲ. ಕಾರ್ಮಿಕರ ಸಂಖ್ಯೆ ಉಳಿಸಿಕೊಂಡವರಿಗೆ ಮಾತ್ರ ನೆರವು ಎಂಬ ಷರತ್ತು ಹಾಕುವುದು ಸಾಧ್ಯವಿತ್ತು. ಸದ್ಯಕ್ಕೆ ನೀವು ಮಾಡಬೇಕಾದದ್ದು ಒಂದಿದೆ. ವೇತನ ತಿಂಗಳಿಗೆ 21,000 ರೂಪಾಯಿಯ ಒಳಗಿದ್ದು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ, ಸಂಬಳದ ಚೀಟಿಗಳನ್ನು ಜೋಪಾನವಾಗಿಡಿ. ಕೆಲಸ ಹೋದವರಿಗೆ ಸರಾಸರಿ ದಿನಗೂಲಿಯ ಅರ್ಧವನ್ನು 90 ದಿನಗಳ ವರೆಗೆ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ 2018ರಲ್ಲಿ ಆರಂಭವಾಗಿದೆ. ಗುತ್ತಿಗೆ ಮುಗಿದ ನಿಮ್ಮ ಸಂಗಾತಿಗಳಿಗೆ ಅದರ ಈಗಿನ ನಿಯಮವನ್ನು ಇಎಸ್‌ಐ ಶಾಖೆಯಲ್ಲಿ ವಿಚಾರಿಸಲು ಹೇಳಿ.

ಪ್ರಶ್ನೆ: ಕಚ್ಚಾ ತೈಲ ಏರಿದಾಗ ಏರುವ ಪೆಟ್ರೋಲ್, ಡೀಸೆಲ್ ದರ, ಅದು ಇಳಿದಾಗ ಏಕೆ ಇಳಿಯುವುದಿಲ್ಲ? ನಮ್ಮ ಹೋಟೆಲಿಗೆ ತರಕಾರಿ ತರುವ ಟೆಂಪೊದ ಬಾಡಿಗೆ ಒಮ್ಮೆ ಏರಿದರೆ ಮುಗಿಯಿತು. (ಘಾಟ್ಕೋಪರ್)

ಉತ್ತರ: ಕಚ್ಚಾ ತೈಲದ ಬೆಲೆಗೂ ಬಂಕಿನ ದರಕ್ಕೂ ನಡುವೆ ಅಬಕಾರಿ ಸುಂಕವೆಂಬ ಕೇಂದ್ರದ ತೆರಿಗೆಯಿದೆ. 2020ರಲ್ಲಿ ಕಚ್ಚಾ ತೈಲ ನೆಲಕಚ್ಚಿದಾಗ ಕೇಂದ್ರವು ಪೆಟ್ರೋಲಿನ ಸುಂಕವನ್ನು ಲೀಟರಿಗೆ 32.98 ರೂಪಾಯಿಗೆ ಏರಿಸಿ ಆ ಇಳಿಕೆಯ ಲಾಭವನ್ನು ತಾನೇ ಇಟ್ಟುಕೊಂಡಿತು; 2021ರ ನವೆಂಬರಿನಲ್ಲಿ 5 ರೂಪಾಯಿ, ಉಕ್ರೇನ್ ಯುದ್ಧದ ಬಳಿಕ 2022ರ ಮೇ ತಿಂಗಳಲ್ಲಿ ಮತ್ತೆ 8 ರೂಪಾಯಿ ಇಳಿಸಿತು. 2025ರ ಏಪ್ರಿಲಿನಲ್ಲಿ ತೈಲ ಅಗ್ಗವಾದಾಗ 2 ರೂಪಾಯಿ ಏರಿಸಿತು, ಬಂಕಿನ ದರ ಬದಲಾಗಲಿಲ್ಲ. ಅಗ್ಗವಾದಾಗ ತುಂಬಿಕೊಂಡು, ದುಬಾರಿಯಾದಾಗ ಬಿಟ್ಟುಕೊಡುವುದು ಈ ಪದ್ಧತಿಯ ಸಮರ್ಥನೆ, ತತ್ವವಾಗಿ ನಾನು ಅದನ್ನು ತಪ್ಪೆನ್ನಲಾರೆ. ಆದರೆ ಯಾವ ಬೆಲೆಗೆ ಏರಿಕೆ, ಯಾವ ಬೆಲೆಗೆ ಇಳಿಕೆ ಎಂಬ ನಿಯಮವನ್ನು ಮೊದಲೇ ಹೇಳಿಬಿಟ್ಟಿದ್ದರೆ ಟೆಂಪೊ ಮಾಲೀಕರೂ ನೀವೂ ಕೂತು ಬಾಡಿಗೆ ಮಾತಾಡಿಕೊಳ್ಳಬಹುದಿತ್ತು. ನಿಮ್ಮ ಅಡುಗೆಮನೆಯ 19 ಕಿಲೋ ಸಿಲಿಂಡರಿನ ದರ ಪ್ರತಿ ತಿಂಗಳ ಒಂದನೇ ತಾರೀಕು ಪರಿಷ್ಕರಣೆಯಾಗುವುದು ಎಲ್ಲ ಹೋಟೆಲಿನವರಿಗೂ ಗೊತ್ತು. ದರ ಏರಿದರೂ ಅಷ್ಟರ ಮಟ್ಟಿಗೆ ಲೆಕ್ಕ ಹಾಕಲು ಒಂದು ದಿನವಾದರೂ ಸಿಗುತ್ತದೆ.

ಪ್ರಶ್ನೆ: ರಿಸರ್ವ್ ಬ್ಯಾಂಕಿನಲ್ಲಿ ಸುಮಾರು 70,000 ಕೋಟಿ ಡಾಲರ್ ಮೀಸಲು ಇದೆಯಂತೆ. ಇಷ್ಟು ಹಣವನ್ನು ಸುಮ್ಮನೆ ಇಟ್ಟುಕೊಳ್ಳುವ ಬದಲು ಶಾಲೆ, ಆಸ್ಪತ್ರೆಗೆ ಏಕೆ ಬಳಸುವುದಿಲ್ಲ? (ಪುಣೆಯ ವಾಣಿಜ್ಯ ವಿದ್ಯಾರ್ಥಿ)

ಉತ್ತರ: ಅದು ತೆರಿಗೆಯಿಂದ ಕೂಡಿಟ್ಟ ಹಣವಲ್ಲಪ್ಪ. ವಿದೇಶದಿಂದ ಬಂದ ಡಾಲರನ್ನು ರಿಸರ್ವ್ ಬ್ಯಾಂಕ್ ಕೊಂಡುಕೊಂಡು ಅದರ ಬದಲಿಗೆ ರೂಪಾಯಿಯನ್ನು ಆಗಲೇ ಹೊರಗೆ ಬಿಟ್ಟಿದೆ. ಅದೇ ಡಾಲರಿನ ಮೇಲೆ ಇನ್ನೊಮ್ಮೆ ರೂಪಾಯಿ ಮುದ್ರಿಸಿ ಖರ್ಚು ಮಾಡಿದರೆ ಬೆಲೆಯೇರಿಕೆ ಬರುತ್ತದೆ. ಮೀಸಲಿನ ಪ್ರಯೋಜನ ಅದು ಇಲ್ಲದಾಗಲೇ ತಿಳಿಯುವುದು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

1991ರಲ್ಲಿ ನಾನು ಫೋರ್ಟಿನ ಒಂದು ಬ್ಯಾಂಕ್ ಶಾಖೆಯ ವಿದೇಶಿ ವಿನಿಮಯ ವಿಭಾಗದಲ್ಲಿ ಕಿರಿಯ ಅಧಿಕಾರಿಯಾಗಿದ್ದೆ. ಕೊಲ್ಲಿ ಯುದ್ಧದಿಂದ ತೈಲ ದುಬಾರಿಯಾಗಿತ್ತು, ಅನಿವಾಸಿ ಭಾರತೀಯರು ಠೇವಣಿ ಹಿಂತೆಗೆಯುತ್ತಿದ್ದರು, ದೇಶದ ಬಳಿ ಎರಡು ಮೂರು ವಾರಗಳ ಆಮದಿಗೆ ಸಾಲುವಷ್ಟೇ ಡಾಲರ್ ಉಳಿದಿತ್ತು. ಆಮದು ತಡೆಯಲು ಆಮದುದಾರರು ಮುಂಗಡವಾಗಿ ನಗದು ಇಡಬೇಕೆಂಬ ನಿಯಮ ಬಂತು, ಆ ಮುಂಗಡ ಏರುತ್ತಾ ಶೇ. 200ರ ವರೆಗೆ ಹೋಯಿತು. ಭಾಂಡುಪಿನಲ್ಲಿ ಸಣ್ಣ ಪಂಪುಗಳ ಕಾರ್ಖಾನೆ ಇಟ್ಟಿದ್ದ ಒಬ್ಬ ಗ್ರಾಹಕರು ಬೇರಿಂಗ್ ತರಿಸುವ ಅರ್ಜಿ ಹಿಡಿದು ನನ್ನ ಮೇಜಿನ ಮುಂದೆ ಕುಳಿತಿದ್ದರು. ಒಂದು ಲಕ್ಷದ ಬೇರಿಂಗಿಗೆ ಎರಡು ಲಕ್ಷ ನಗದು ಇಡಬೇಕು ಎಂದು ನಾನು ಹೇಳಿದಾಗ ಅವರು ಏನೂ ಮಾತಾಡದೆ ಅರ್ಜಿಯನ್ನು ಎರಡಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಎದ್ದರು. ಆ ವರ್ಷ ಅವರ ಕಾರ್ಖಾನೆಯ ಎರಡನೇ ಪಾಳಿ ನಿಂತಿತು. ಮೇ ತಿಂಗಳಲ್ಲಿ 20 ಟನ್ ಚಿನ್ನ ಸ್ವಿಟ್ಜರ್ಲೆಂಡಿನ ಬ್ಯಾಂಕಿಗೂ, ಜುಲೈಯಲ್ಲಿ ಸುಮಾರು 47 ಟನ್ ಚಿನ್ನ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನಿನ ಸಾಲಕ್ಕೆ ಅಡವಾಗಿಯೂ ಹೋದವು. ಜುಲೈ 1 ಮತ್ತು 3ರಂದು ಎರಡು ಹಂತಗಳಲ್ಲಿ ರೂಪಾಯಿಯನ್ನು ಅಪಮೌಲ್ಯಗೊಳಿಸಲಾಯಿತು. ಆ ದಿನಗಳಲ್ಲಿ ಆಯ್ಕೆ ಎಂಬುದೇ ಇರಲಿಲ್ಲ, ಸಾಲ ಕೊಡುವವರು ಹೇಳಿದ್ದನ್ನು ಕೇಳಬೇಕಿತ್ತು.

ಈಗ 2022ನ್ನು ಅದರ ಪಕ್ಕದಲ್ಲಿಟ್ಟು ನೋಡು. ಯುದ್ಧ, ತೈಲ, ಅಮೆರಿಕದ ಬಡ್ಡಿ ಏರಿಕೆ ಎಲ್ಲವೂ ಒಟ್ಟಿಗೆ ಬಂದವು. 2021ರ ಸೆಪ್ಟೆಂಬರಿನಲ್ಲಿ ಸುಮಾರು 64,000 ಕೋಟಿ ಡಾಲರ್ ಇದ್ದ ಮೀಸಲು 2022ರ ಅಕ್ಟೋಬರಿಗೆ 52,500 ಕೋಟಿಯ ಹತ್ತಿರ ಇಳಿಯಿತು. ಅದರಲ್ಲಿ ಒಂದು ಭಾಗ ಬೇರೆ ಕರೆನ್ಸಿಗಳ ಮೌಲ್ಯ ಕುಗ್ಗಿದ್ದರಿಂದ, ಇನ್ನೊಂದು ಭಾಗ ಡಾಲರ್ ಮಾರಿದ್ದರಿಂದ. ಯಾವ ಕಾರ್ಖಾನೆಯವರಿಗೂ ಎರಡು ಪಟ್ಟು ನಗದು ಇಡಿ ಎಂದು ಹೇಳಬೇಕಾಗಿ ಬರಲಿಲ್ಲ. ಮೀಸಲಿಗೂ ಒಂದು ವೆಚ್ಚವಿದೆ, ವಿದೇಶಿ ಬಾಂಡುಗಳಲ್ಲಿ ಅದಕ್ಕೆ ಸಿಗುವ ಬಡ್ಡಿ ಇಲ್ಲಿ ಹೂಡಿದರೆ ಸಿಗಬಹುದಾದುದಕ್ಕಿಂತ ಕಡಿಮೆ. ಆ ವೆಚ್ಚವನ್ನು ತಿಳಿದೇ ತೆರುತ್ತಿದ್ದೇವೆ, ತೆರಬೇಕೆಂಬುದೇ ನನ್ನ ಅಭಿಪ್ರಾಯ. ಶಾಲೆ, ಆಸ್ಪತ್ರೆಗಳಿಗೆ ಹಣ ಬಜೆಟ್‌ನಿಂದಲೇ ಬರಬೇಕು. 2020-21ರಲ್ಲಿ ಜಿಡಿಪಿಯ ಶೇ. 9.2 ಇದ್ದ ಕೇಂದ್ರದ ವಿತ್ತೀಯ ಕೊರತೆ (ಆದಾಯ ಮೀರಿ ಮಾಡಿದ, ಸಾಲದಿಂದ ತುಂಬುವ ಖರ್ಚು) 2024-25ಕ್ಕೆ ಶೇ. 4.8ಕ್ಕೆ ಬಂದಿದೆ. ಕೊರತೆ ಇನ್ನಷ್ಟು ಬೇಗ ಇಳಿಯಬೇಕೋ, ಆ ಹಣ ಶಾಲೆಗಳಿಗೆ ಹೋಗಬೇಕೋ ಎಂಬುದು ನಿಮ್ಮ ತರಗತಿಯಲ್ಲಿ ಚರ್ಚಿಸಲು ತಕ್ಕ ಪ್ರಶ್ನೆ.

ಪ್ರಶ್ನೆ: ರಿಸರ್ವ್ ಬ್ಯಾಂಕ್ ಸ್ವತಂತ್ರವಾಗಿ ನಿರ್ಧರಿಸುತ್ತದೆಯೇ, ಸರಕಾರ ಹೇಳಿದಂತೆ ಕೇಳುತ್ತದೆಯೇ? (ಮಾಟುಂಗಾ)

ಉತ್ತರ: ಈ ತಿಕ್ಕಾಟ ಹಳೆಯದು. ಅತಿ ಹೆಚ್ಚು ಕಾಲ, 1949ರಿಂದ 1957ರ ವರೆಗೆ, ಗವರ್ನರ್ ಆಗಿದ್ದ ಮಂಗಳೂರು ಮೂಲದ ಬೆನಗಲ್ ರಾಮ ರಾವ್ ಅವರು ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ ಅವರೊಂದಿಗಿನ ಭಿನ್ನಾಭಿಪ್ರಾಯದಿಂದಲೇ ರಾಜೀನಾಮೆ ಕೊಟ್ಟರು. 2016ರಿಂದ ಬಡ್ಡಿ ದರವನ್ನು ಆರು ಜನರ ಹಣಕಾಸು ನೀತಿ ಸಮಿತಿ ಮತ ಹಾಕಿ ನಿರ್ಧರಿಸುತ್ತದೆ. ಮೂವರು ಬ್ಯಾಂಕಿನವರು, ಮೂವರು ಸರಕಾರ ನೇಮಿಸಿದ ಹೊರಗಿನವರು, ಮತಗಳು ಸಮನಾದರೆ ಗವರ್ನರ್‌ಗೆ ಇನ್ನೊಂದು ಮತ. ಸಭೆ ಮುಗಿದ ಹದಿನಾಲ್ಕನೇ ದಿನ ನಡಾವಳಿ ಪ್ರಕಟವಾಗುತ್ತದೆ. 2025ರ ಜೂನಿನಲ್ಲಿ ಐವರು ಅರ್ಧ ಶೇಕಡ ಕಡಿತಕ್ಕೆ ಮತ ಹಾಕಿದಾಗ, ಹೊರಗಿನ ಸದಸ್ಯ ಸೌಗತ ಭಟ್ಟಾಚಾರ್ಯ ಕಾಲು ಶೇಕಡ ಸಾಕೆಂದರು. ಅವರ ಕಾರಣಗಳು ಅವರದೇ ಹೆಸರಿನಡಿ ಆ ನಡಾವಳಿಯಲ್ಲಿವೆ, ಯಾರು ಬೇಕಾದರೂ ಓದಬಹುದು.